ಮಾಯಪ್ಪನವರ ಭಾಷಣಕ್ಕೆ ಹಿನ್ನೆಲೆ ಸಂಗೀತ

ಸದಾಶಿವನಗರದ ಕಲಾ ಸಂಘದಲ್ಲಿ ಸನ್ಮಾನವಾಗದೆ ಉಳಿದವರು ಕಡಿಮೆ. ಶಾಲು ಹೊದ್ದವರೇ ಮತ್ತೆ ಹೊದ್ದು ಬೇಸತ್ತಿದ್ದ ಹೊತ್ತಿಗೆ, ಖಾನಾಪುರದ ಕಾಡಿನ ಸದ್ದು ಹಿಡಿಯಲು ಜರ್ಮನಿಯ ಸಿನಿಮಾ ಸಂಗೀತಗಾರನೊಬ್ಬ ಬಂದಿದ್ದಾನೆಂದು ಕಾರ್ಯದರ್ಶಿ ದುಂಡಪ್ಪನಿಗೆ ಗೊತ್ತಾಯಿತು. ಹೆಸರು ಡೀಟರ್. ಇಂಗ್ಲಿಷ್ ಬಲ್ಲ ಮಗಳು ಸಾಕ್ಷಿಯೊಡನೆ ಹೋಗಿ ಅವನನ್ನು ಕಾರಿನಲ್ಲಿ ಕೂಡಿಸಿಕೊಂಡು ಬಂದ. ದುಂಡಪ್ಪನಿಗೆ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ ಬೇಕಾಗಿತ್ತು. ಅದಕ್ಕೆ ಸಂಘದ ಅಧ್ಯಕ್ಷ ಮಾಯಪ್ಪನವರ ಶಿಫಾರಸು ಬೇಕಾಗಿತ್ತು. ಮಾಯಪ್ಪನವರಿಗೆ ಫೋಟೋದಲ್ಲಿ ಬಾಜೂಕ ನಿಲ್ಲಲು ಒಬ್ಬ ಫಾರಿನ್ ಮನುಷ್ಯ ಬೇಕಾಗಿತ್ತು.

ಪರಿಚಯ ಭಾಷಣ ದುಂಡಪ್ಪನದೇ. ಎಷ್ಟು ಹಾಡು ಮಾಡಿದ್ದೀರೆಂದು ದಾರಿಯಲ್ಲಿ ಮಗಳಿಂದ ಕೇಳಿಸಿದ. ಒಂದೂ ಇಲ್ಲ ಎಂದ ಡೀಟರ್. ಅವನ ಇಡೀ ಜೀವನ ಹಿನ್ನೆಲೆ ಸಂಗೀತದಲ್ಲೇ ಕಳೆದಿದೆ ಎಂದು ಸಾಕ್ಷಿ ಬಿಡಿಸಿ ಹೇಳಿದಳು. ಸಿನಿಮಾದಲ್ಲಿ ಕಳ್ಳನೊಬ್ಬ ಬಾಗಿಲ ಹಿಂದೆ ನಿಂತರೆ, ಪೊಲೀಸ್ ಗಾಡಿ ತಿರುವಿನಲ್ಲಿ ಬಂದರೆ ಕೇಳುವುದು ಇವನ ಸಂಗೀತ. ತೀರ ದೊಡ್ಡ ದೃಶ್ಯಕ್ಕೂ, ಕೆಲಸಕ್ಕೆ ಬಾರದೆಂದು ಕತ್ತರಿಸಿ ಬಿಸಾಡುವ ದೃಶ್ಯಕ್ಕೂ ಮಾತ್ರ ಏನೂ ನುಡಿಸುವುದಿಲ್ಲವಂತೆ. ಹಾಡೇ ಇಲ್ಲದವನಿಗೆ ಶಾಲು ಹೊದಿಸುವುದು ಹೇಗೆ? ದುಂಡಪ್ಪ ವೇದಿಕೆ ಹತ್ತಿ, ನೂರಾರು ಹಾಡುಗಳ ಸರದಾರ ಎಂದುಬಿಟ್ಟ.

ಡೀಟರ್‌ಗೆ ಶಾಲು ಹೊದಿಸಿ ಫೇಟಾ ಸುತ್ತಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹಿಂದಿನ ಸಾಲಿನಿಂದ ಭಜನಾ ಮಂಡಳಿಯ ಶಿವಲಿಂಗವ್ವ ಎದ್ದು ನಿಂತಳು.

"ಅಷ್ಟ ಹಾಡ ಮಾಡ್ಯಾರಂದ್ರ ಒಂದರ ಹಾಡಸ್ರಿ, ದುಂಡಪ್ಪಾರ."

ಹಾರ್ಮೋನಿಯಂ ತಂದಿಟ್ಟರು. ಡೀಟರ್ ಎರಡು ಮಂದ್ರ ಸ್ವರ ಒತ್ತಿದ, ಬಿಟ್ಟ, ಮತ್ತೆ ಅವನ್ನೇ ಒತ್ತಿದ. ಹಾಡು ಈಗ ಶುರುವಾದೀತೆಂದು ಜನ ಕಾದರು. ಆಗಲಿಲ್ಲ. ತಡೆಯಲಾಗದೆ ಮಾಯಪ್ಪನವರು ಮೈಕು ಹಿಡಿದರು. ಪ್ರತಿ ವರ್ಷದ ಭಾಷಣವೇ.

"ಕಲಾವಿದರಿಗೆ ಒಂದು ಭವನ ಕಟ್ಟಿಸಿ ಕೊಡತೇನ್ರಿ," ಎಂದರು.

ಕತ್ತಲಲ್ಲಿ ಯಾರೋ ಚೂರಿ ಹಿಡಿದು ಬಂದಂತೆ ಹಾರ್ಮೋನಿಯಂ ಗುಂಯ್ ಎಂದಿತು. ಡೀಟರ್‌ಗೆ ಕನ್ನಡ ಬರುತ್ತಿರಲಿಲ್ಲ; ಮುಖ ನೋಡಿ ನುಡಿಸುವುದೇ ಅವನ ಕಸುಬು. ಮಾಯಪ್ಪನವರು ತಮ್ಮ ತ್ಯಾಗ ನೆನೆದು ಕಣ್ಣೊರೆಸಿಕೊಂಡಾಗ, ಕಳ್ಳ ಬೆಕ್ಕು ಅಡಿಗೆಮನೆ ಹೊಕ್ಕಂಥ ಸ್ವರ. ಸಭೆ ಬಿದ್ದು ಬಿದ್ದು ನಕ್ಕಿತು, ಚಪ್ಪಾಳೆ ಹೊಡೆಯಿತು. ಚಪ್ಪಾಳೆಯಷ್ಟೇ ಕೇಳಿಸುವ ಕಿವಿಯ ಮಾಯಪ್ಪನವರು ಇನ್ನಷ್ಟು ಉಬ್ಬಿದರು.

ನಿಲ್ಲಿಸಬೇಕೋ ಬಿಡಬೇಕೋ ತಿಳಿಯದೆ ದುಂಡಪ್ಪ ಬೆವೆತ. ಹಾರ್ಮೋನಿಯಂ ನಿಂತರೆ ಚಪ್ಪಾಳೆ ನಿಲ್ಲುತ್ತದೆ, ಚಪ್ಪಾಳೆ ನಿಂತರೆ ಶಿಫಾರಸು ಹೋಗುತ್ತದೆ. ಸುಮ್ಮನೆ ಕೂತ. ಅದು ಫಲಿಸಿತು. ಮಾಯಪ್ಪನವರು ಅವನನ್ನು ಎಬ್ಬಿಸಿ, ಹೆಗಲ ಮೇಲೆ ಕೈಯಿಟ್ಟು, ಈ ಸಲದ ಪ್ರಶಸ್ತಿಗೆ ಇವರದೇ ಹೆಸರು ಎಂದು ಸಾರಿದರು. ದುಂಡಪ್ಪ ಸಭೆಗೆ ಕೈಮುಗಿದ. ಕಿವಿ ಮಾತ್ರ ಹಾರ್ಮೋನಿಯಂ ಕಡೆಗೇ ಇತ್ತು.

ಡೀಟರ್ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ತಿದಿ ಮುಚ್ಚಿ, ಬುಟ್ಟಿಯಿಂದ ಬಾಳೆಹಣ್ಣು ತೆಗೆದು ಸುಲಿಯತೊಡಗಿದ.

ಕೆಳಗಿಳಿದ ಕೂಡಲೆ ದುಂಡಪ್ಪ ಮಗಳನ್ನು ಬದಿಗೆ ಕರೆದ.

"ದೊಡ್ಡ ಸೀನ್ ಅಂತನ ಅವರು ಬಾರಸಲಿಲ್ಲ, ಹೌದಿಲ್ಲ?"

ಸಾಕ್ಷಿ ಶಾಲು ಮಡಚುತ್ತಿದ್ದಳು. "ಹೂಂ ಅಪ್ಪಾ," ಎಂದಳು, ಮುಖ ಎತ್ತದೆ.