ಖರಾಬೆಂದು ಹಳದಿ ಬಳಿದ ಜೌಗು

ನಾನು ಒಂದು ಹೊಳೆಯ ಕೊಳ್ಳದ ಮಾದರಿ. ನನ್ನನ್ನು ಮಾಡಿದವನು ಮೌನೇಶ ಬಡಿಗೇರ. ನಕ್ಷೆಯ ರೇಖೆಗಳಂತೆ ರಟ್ಟು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೇಲೆ ಪ್ಲಾಸ್ಟರ್ ಸುರಿದ. ಎತ್ತರವನ್ನು ಮಾತ್ರ ಐದು ಪಟ್ಟು ಹಿಗ್ಗಿಸಿದ. ಇಲ್ಲದಿದ್ದರೆ ನಮ್ಮ ಬಯಲುಸೀಮೆ ರೊಟ್ಟಿಯಂತೆ ಮಟ್ಟಸವಾಗಿ ಕಾಣುತ್ತಿತ್ತು.

ಆಮೇಲೆ ಬಣ್ಣ. ನೀರಿಗೆ ನೀಲಿ, ಬೆಳೆಗೆ ಹಸಿರು, ಉಪಯೋಗಕ್ಕೆ ಬಾರದ ಖರಾಬು ನೆಲಕ್ಕೆ ಹಳದಿ. ಹಳ್ಳವು ದ್ಯಾಮನಕೆರೆಯನ್ನು ಸೇರುವ ಕಡೆ ಜಂಬುಹುಲ್ಲು ಬೆಳೆದ ದೊಡ್ಡ ಜೌಗಿತ್ತು. ಸರ್ವೆಯವರು ಅಲ್ಲಿಗೆ ಹೋದದ್ದು ಕಡು ಬೇಸಿಗೆಯಲ್ಲಿ. ಹುಲ್ಲು ಕೊಯ್ದಾಗಿತ್ತು, ನೆಲ ಬಿರುಕು ಬಿಟ್ಟಿತ್ತು. ಅವರು ಖರಾಬು ಎಂದು ಬರೆದರು. ಮೌನೇಶ ಹಳದಿ ಹಚ್ಚಿದ. ಹಸಿ ಬಣ್ಣ ಮೈಗೆ ತಂಪೆನಿಸಿತು. ಅದರ ಅರ್ಥ ನನಗೆ ತಿಳಿದಿರಲಿಲ್ಲ.

ಕೊಳ್ಳದ ಅಭಿವೃದ್ಧಿಗೆ ಯೋಜನೆ ಸಿದ್ಧಪಡಿಸುವ ಕಚೇರಿಯೊಂದರಲ್ಲಿ ನನ್ನನ್ನು ಮೇಜಿನ ಮೇಲಿಟ್ಟರು. ಮಲಗಿದಲ್ಲಿಂದ ನನಗೆ ಕಾಣುತ್ತಿದ್ದದ್ದು ಬಗ್ಗಿದ ಮುಖಗಳು, ಜೋಲಾಡುವ ಗುರುತಿನ ಚೀಟಿಗಳು, ಚಹಾ ಕಪ್ಪುಗಳ ತಳ. ಎಂಜಿನಿಯರ್ ಹಿರೇಗೌಡರು ಹಳದಿ ಜಾಗದ ಮೇಲೆ ಪೆನ್ನಿಟ್ಟರು.

"ಇಲ್ಲಿ ಮಣ್ಣು ತುಂಬಿ, ಕಲ್ಲು ಕಟ್ಟಿ, ಗಾರ್ಡನ್ ಮಾಡಿಬಿಟ್ರ ಕೆರಿಗೊಂದು ಕಳೆ ಬರತೈತಿ."

"ಅದು ಖರಾಬಲ್ರೀ ಸರ್," ಎಂದರು ಜೀವಶಾಸ್ತ್ರಜ್ಞೆ ಶೈಲಾ ಅಂಗಡಿ. "ಹಳ್ಳದ ಹೂಳು ಅಲ್ಲೇ ನಿಲ್ಲತೈತಿ. ಊರಿನ ಹೊಲಸು ನೀರು ಆ ಜಂಬಿನಾಗ ಸೋಸಿ ಕೆರಿಗೆ ಇಳೀತೈತಿ. ಮೀನು ತತ್ತಿ ಇಡೂದೂ ಅಲ್ಲೇ. ಅದನ್ನ ಬಿಟ್ಟು ಕೆರಿ ಅಷ್ಟ ಉಳಸ್ತೀವಂದ್ರ ಉಳಿಯೂದಿಲ್ಲ."

ಜಂಬಿನ ಚಾಪೆ ಹೆಣೆಯುವವರ ಪರವಾಗಿ ಬಂದಿದ್ದ ಫಕೀರವ್ವ ಬಾಗಿಲ ಬಳಿಯಿಂದಲೇ ಕೂಗಿದಳು: "ಸಾಹೇಬ್ರ, ಮಳಿಗಾಲದಾಗ ಬರ್ರಿ. ಪ್ಯಾಂಟು ಎಲ್ಲೀತನಾ ಏರಸ್ತೀರಿ ನೋಡೂಣು!"

ಎಲ್ಲರೂ ನಕ್ಕರು. ಹಿರೇಗೌಡರೂ ನಕ್ಕರು. "ಜಂಬು ಬ್ಯಾರೆ ಕಡೆನೂ ಸಿಗ್ತಾವಬೇ ಯವ್ವಾ."

"ಸಿಗ್ತಾವ್ರೀ. ಕೆರಿ ಸಿಗತೈತೇನು?"

ಆಗ ಯಾರೂ ನಗಲಿಲ್ಲ. ಹಿರೇಗೌಡರು ಶೈಲಾ ಕಡೆ ತಿರುಗಿದರು. "ಮಂಜೂರಿ ಈ ತಿಂಗಳ ಆಗಬೇಕ್ರೀ ಮೇಡಂ. ಜೌಗು ಗೀಗು ಎಲ್ಲಾ ಎರಡನೇ ಹಂತದಾಗ ಸೇರಸೂಣು."

ಶೈಲಾ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ, "ಆಯ್ತು ಸರ್," ಎಂದರು.

ಮುಂದಿನದನ್ನು ನಾನು ಜನರ ಮಾತಿನಲ್ಲೇ ಕೇಳಿದೆ. ಜೌಗಿಗೆ ಮಣ್ಣು ಬಿತ್ತು. ಕಾರಂಜಿ ಚಿಮ್ಮಿತು, ಜನ ಫೋಟೊ ತೆಗೆಸಿಕೊಂಡರು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಕೆರೆಯ ತುಂಬ ಅಂತರಗಂಗೆ ಹಬ್ಬಿತು, ಮೀನು ಹೊಟ್ಟೆ ಮೇಲಾಗಿ ತೇಲಿದವು. ಎರಡನೇ ಹಂತವೂ ಬಂತು. ಅದರ ಹಣ ಕೆರೆಯ ಹೂಳೆತ್ತುವುದರಲ್ಲೇ ಮುಗಿದುಹೋಯಿತು.

ಕಚೇರಿಗೆ ಕಂಪ್ಯೂಟರ್ ನಕ್ಷೆಗಳು ಬಂದ ಮೇಲೆ ನಾನು ಮೆಟ್ಟಿಲ ಕೆಳಗೆ ಸೇರಿದೆ. ಅಲ್ಲಿ ನನ್ನ ಒಂದು ಗುಡ್ಡ ಮುರಿಯಿತು. ಗುಜರಿಗೆ ಹಾಕುವ ದಿನ ಶೈಲಾ ಬಂದು ನನ್ನನ್ನು ಕೇಳಿ ಪಡೆದರು. ಅವರೀಗ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಅವರ ಪ್ರಯೋಗಾಲಯದ ಕಿಟಕಿಯ ಪಕ್ಕ ನನಗೊಂದು ಜಾಗ ಸಿಕ್ಕಿತು.

ಒಂದು ದಿನ ಅವರು ನನ್ನ ಹಳದಿಯನ್ನು ತಿದ್ದಲು ಬಣ್ಣ ಕಲಸಿಟ್ಟುಕೊಂಡು, ಜೌಗಿನ ಅಂಚು ತೋರಿಸಲು ಫಕೀರವ್ವನನ್ನು ಕರೆಸಿದರು. ಅವಳ ಕೂದಲು ಬೆಳ್ಳಗಾಗಿತ್ತು. ಕುಂಚ ನನ್ನ ಮೈಗೆ ತಾಗುವ ಮೊದಲೇ ಅವಳು ಶೈಲಾರ ಕೈ ಹಿಡಿದಳು.

"ಅಲ್ಲಿ ಬ್ಯಾಡ್ರೆವ್ವಾ. ಅಲ್ಲಿ ಇನ್ನೇನೂ ಹುಟ್ಟೂದಿಲ್ಲ." ಅವಳ ಬೆರಳು ಹಳ್ಳದ ಗುಂಟ ಮೇಲೇರಿ ಇನ್ನೊಂದು ಹಳದಿಯ ಮೇಲೆ ನಿಂತಿತು. "ಇಲ್ಲಿ ಹಚ್ರಿ. ಮ್ಯಾಲಿನ ಕೆರಿ ಬಾಯಾಗ ಇನ್ನಾ ಜಂಬು ಐತಿ. ಇದಕ್ಕೂ ಹಳದಿ ಬಳದಾನ ನೋಡ್ರಿ, ಮೂಳ!"

"ಮುಂದಿನ ವಾರ ಆ ಕೆರಿ ಅಭಿವೃದ್ಧಿದ ಸಭಾ ಐತಿ," ಎಂದರು ಶೈಲಾ. "ನೀವೂ ಬರ್ರಿ."

"ಯಾಕ, ಚಾ ಕುಡಿಯಾಕಾ?"

ಶೈಲಾ ಕುಂಚ ಅದ್ದಿದರು. ಮೇಲಿನ ಕೆರೆಯ ಬಾಯಿಗೆ ನೀಲಿಯನ್ನೂ ಹಸಿರನ್ನೂ ಬೆರೆಸಿ ಹಚ್ಚಿದರು. ಕೆಳಗಿನ ಹಳದಿಯನ್ನು ಹಾಗೆಯೇ ಬಿಟ್ಟರು.

ಅದನ್ನು ತಿದ್ದುವ ಅಗತ್ಯ ಈಗ ನಿಜಕ್ಕೂ ಇಲ್ಲ. ಮಾದರಿ ನೆಲದಂತಿರಬೇಕು ಎನ್ನುತ್ತಾರೆ. ನನ್ನ ವಿಷಯದಲ್ಲಿ ನೆಲವನ್ನೇ ನನ್ನಂತೆ ಮಾಡಿಬಿಟ್ಟರು.