ಹಿತ್ತಿಲಿನ ಮೂರು ದಿನ

"ಚೀಲ ತೆಗದ ಬಿಡ್ರಿ ಬಾಯಾರ," ಎಂದು ಕಮಲವ್ವ ಸೊಸೆಯ ಪರವಾಗಿ ತಾನೇ ಹೇಳಿಬಿಟ್ಟಳು. "ನಮ್ಮ ಓಣ್ಯಾಗ ನಾಕ ಮಂದಿ ತಗಸ್ಯಾರ. ಎಲ್ಲಾರೂ ಆರಾಮ ಅದಾರ."

ಗೋಕಾಕದ ಡಾಕ್ಟರಬಾಯಿ ಕೈ ತೊಳೆಯುತ್ತಿದ್ದವಳು ತಿರುಗಿ ನೋಡಿದಳು. "ಇಕಿ ಗರ್ಭಚೀಲಕ್ಕ ಏನೂ ಆಗಿಲ್ಲವ್ವಾ. ರಕ್ತ ಸ್ವಲ್ಪ ಹೆಚ್ಚ ಹೋಗ್ತೈತಿ, ಗುಳಿಗಿಗೆ ಕಡಿಮಿ ಆಗ್ತೈತಿ. ತಗಸೇ ತಗಸ್ತೇನಿ ಅಂದ್ರ ಮೀರಜದ ದೊಡ್ಡ ದವಾಖಾನಿಗೆ ಚೀಟಿ ಬರದು ಕೊಡ್ತೇನಿ. ಆದ್ರ ಅದನ್ನ ಅಕಿ ಹೇಳ್ಬೇಕು."

ಅಕಿ ಎಂದರೆ ರಾಜಮತಿ. ಮೂವತ್ತೆಂಟು ವರ್ಷ, ಮೂರು ಮಕ್ಕಳು. ಕಲ್ಲೋಳಿಯ ಆ ಜೈನರ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳ ಮಾತಿಗಾಗಿ ಯಾರಾದರೂ ಕಾದದ್ದು ಇದೇ ಮೊದಲು. ಉತ್ತರ ಹೇಳುವ ರೂಢಿಯೇ ತಪ್ಪಿಹೋಗಿತ್ತು. ಕಿಟಕಿಯ ಬಿಳಿ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಅವಳು ಮನಸ್ಸಿನಲ್ಲೇ ತನ್ನ ಹಿತ್ತಿಲಿಗೆ ಹೋಗಿಬಿಟ್ಟಳು.

ತಿಂಗಳಿಗೆ ಮೂರು ದಿನ ಅವಳು ಹೊರಗೆ ಕೂಡುವ ಜಾಗ ಅದು. ಒಂದು ಕಂಬಳಿ, ಒಂದು ತಾಟು, ಒಂದು ತಂಬಿಗೆ. ಒಲೆ ಮುಟ್ಟುವಂತಿಲ್ಲ, ಬಸದಿಯ ಕಡೆ ಹೆಜ್ಜೆ ಇಡುವಂತಿಲ್ಲ. ಅವಮಾನವೇ ಸರಿ, ಮೊದಮೊದಲು ಅತ್ತಿದ್ದಳು ಕೂಡ. ಆಮೇಲೆ ಗೊತ್ತಾಯಿತು, ಆ ಮೂರು ದಿನ ಅವಳನ್ನೂ ಯಾರೂ ಮುಟ್ಟುವುದಿಲ್ಲ. ರೊಟ್ಟಿ ಬಡಿ ಎನ್ನುವವರಿಲ್ಲ. ಎದೆಮಟ್ಟದ ಗೋಡೆಯಾಚೆ ಪಕ್ಕದ ಮನೆಯ ಸತ್ತೆವ್ವನೂ ಹೊರಗೆ ಕೂತಿರುತ್ತಿದ್ದಳು. ಹದಿನೈದು ವರ್ಷ ಇಬ್ಬರ ದಿನಗಳು ಹೆಚ್ಚುಕಡಿಮೆ ಕೂಡಿಯೇ ಬಂದಿದ್ದವು. ಉಳಿದ ದಿನಗಳಲ್ಲಿ ಅವಳು ಕಬ್ಬಿನ ಹೊಲಕ್ಕೆ, ಇವಳು ಅಡುಗೆಮನೆಗೆ. ಗೋಡೆಗೆ ಆಚೆ ಈಚೆ ಬೆನ್ನು ಕೊಟ್ಟು ಕೂತರೆ ನುಗ್ಗೆಯ ಹೂ ಇಬ್ಬರ ಮೇಲೂ ಉದುರುತ್ತಿತ್ತು. ಮಾತಿನ ನಡುವೆ ಯಾರು ಮೊದಲು ನಿದ್ದೆಹೋದರೆಂಬುದೇ ತಿಳಿಯುತ್ತಿರಲಿಲ್ಲ.

ಹೋದ ದೀಪಾವಳಿಗೆ ಮುಂಚೆ ಸತ್ತೆವ್ವ ಮೀರಜಕ್ಕೆ ಹೋಗಿ ಚೀಲ ತೆಗೆಸಿಕೊಂಡು ಬಂದಳು. ಪ್ರತಿ ತಿಂಗಳೂ ಕೂಲಿ ತಪ್ಪುತ್ತದೆಂದು ಗಂಡ ಲಗಮಪ್ಪನೇ ಕರೆದೊಯ್ದಿದ್ದ. "ತ್ರಾಸ ಹೋತ್ರಿ ರಾಜಕ್ಕ," ಎಂದಿದ್ದಳು, ಹುಲ್ಲಿನ ಹೊರೆ ಹೊತ್ತು ನಿಂತೇ. "ಆದ್ರ ಈಗ ತಿಂಗಳ ಯಾವಾಗ ಮುಗೀತೈತಿ ಅನ್ನೂದ ತಿಳ್ಯಂಗಿಲ್ಲ."

ಕಿಟಕಿಯ ಪರದೆ ಇಳಿಯಿತು. "ಗುಳಿಗಿ ಕೊಡ್ರಿ," ಎಂದಳು ರಾಜಮತಿ. "ಚೀಲ ಇರ್ಲಿ."

ಸರ್ವಿಸ್ ಮೋಟಾರಿನಲ್ಲಿ ಕಮಲವ್ವ ದಾರಿಯುದ್ದಕ್ಕೂ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಳು. ಇಳಿಯುವಾಗ, "ಆ ಮೂರ ದಿನ ನೀರ ಹೊರಾಕಿ ನಾನು. ನನ್ನ ಮೊಣಕಾಲ ಯಾರ ಕೇಳ್ಯಾರ?" ಎಂದಳು. ಅದೂ ಖರೆಯೇ. ರಾಜಮತಿಗೆ ಪಾಪ ಅನ್ನಿಸಿತು. ಅನ್ನಿಸಿದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಮುಂದಿನ ತಿಂಗಳು ಅವಳು ಹೊರಗೆ ಕೂತ ಎರಡನೆಯ ದಿನ, ಮಧ್ಯಾಹ್ನ, ಗೋಡೆಯಾಚೆ ಹುಲ್ಲಿನ ಹೊರೆ ಧೊಪ್ಪೆಂದು ಬಿತ್ತು.

"ರಾಜಕ್ಕ, ಅದೀರೇನ್ರಿ?"

"ಅದೇನಿ. ನಿಂದೆಲ್ಲಾ ಮುಗದೈತಲ್ಲ, ಯಾಕ ಬಂದಿ?"

"ಒಂದ ಚಣ ಕುಂಡ್ರತೇನ್ರಿ. ಮನ್ಯಾಗ ಹೇಳಿಲ್ಲ."

ಗೋಡೆಗೆ ಬೆನ್ನು ತಾಗಿದ ಸದ್ದಾಯಿತು. ರಾಜಮತಿ ತನ್ನ ಬೆನ್ನನ್ನೂ ಅಲ್ಲಿಗೇ ಸರಿಸಿದಳು. ಡಾಕ್ಟರಬಾಯಿಯ ಮಾತು, ಬಿಳಿ ಪರದೆ, ಗುಳಿಗೆಯ ಕಹಿ, ಎಲ್ಲವನ್ನೂ ಹೇಳುತ್ತ ಹೋದಳು. ಆಚೆಯಿಂದ ಹೂಂಗುಟ್ಟುವುದು ಮೆಲ್ಲಗೆ ನಿಂತಿತು.

ಅಷ್ಟರಲ್ಲಿ ಸತ್ತೆವ್ವನ ಅತ್ತೆ, ಕಣ್ಣಿಗೆ ಪೊರೆ ಬಂದ ಮುದುಕಿ, ತನ್ನ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಹೊರೆಯ ಮರೆಯಲ್ಲಿದ್ದ ಸೊಸೆ ಅವಳಿಗೆ ಕಾಣಲಿಲ್ಲ.

"ರಾಜಮತಿ, ನಮ್ಮ ಸತ್ತೆವ್ವ ಬಂದದ್ದ ನೋಡಿಯೇನವ್ವ?"

ಸುಳ್ಳು ಹೇಳುವುದಿಲ್ಲವೆಂದು ಬಸದಿಯಲ್ಲಿ ವ್ರತ ಹಿಡಿದವಳು ರಾಜಮತಿ.

"ಇಲ್ಲ ಆಯಿ," ಎಂದಳು. "ಇನ್ನೂ ಹೊಲದಿಂದ ಬಂದಿಲ್ಲ ಕಾಣಸ್ತೈತಿ."

ಬಾಗಿಲು ಮುಚ್ಚಿತು. ಗೋಡೆಯಾಚೆ ನಿದ್ದೆಯ ಉಸಿರು ಒಂದೇ ಸಮನೆ ಏರಿ ಇಳಿಯುತ್ತಿತ್ತು. ರಾಜಮತಿ ತಾಟನ್ನು ಸದ್ದಾಗದಂತೆ ದೂರ ಸರಿಸಿ, ಅದರ ಮೇಲೆ ಉದುರುತ್ತಿದ್ದ ನುಗ್ಗೆಯ ಹೂಗಳನ್ನು ನೋಡುತ್ತ ಎಚ್ಚರವಾಗಿಯೇ ಕೂತಳು.