ಹೆಣದ ಗೊರಕೆ

ಆ ಕೊಲೆಯ ಸಿನಿಮಾವನ್ನು ಈಗ ಕಾಲೇಜುಗಳಲ್ಲಿ ಪಾಠಕ್ಕಿಟ್ಟಿದ್ದಾರೆ. ಗಂಡನನ್ನು ಗುಂಡಿಕ್ಕಿ ಕೊಂದವಳು ಹೆಣದ ಪಕ್ಕ ಮೊಣಕಾಲೂರಿ ಕೂರುತ್ತಾಳಲ್ಲ, ಆ ಕೊನೆಯ ದೃಶ್ಯದ ಮೌನದ ಮೇಲೆ ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ಆ ಮೌನವನ್ನು ಯಂತ್ರದಲ್ಲಿ ಹಿಡಿದವನು ಸದ್ದಿನ ವಿಭಾಗದ ಆರ್ವಿಲ್ ಪೆಟಿಟ್. ಅವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುವ ಪೈಕಿಯವನಲ್ಲ.

1947ರ ಒಂದು ಶುಕ್ರವಾರ, ಹಾಲಿವುಡ್ಡಿನ ಸ್ಟುಡಿಯೋದಲ್ಲಿ ಆರ್ವಿಲ್ ಧ್ವನಿಯಂತ್ರದ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಆ ವಾರ ಅವನು ಸದ್ದು ಸರಿಯಿಲ್ಲವೆಂದು ನಾಲ್ಕು ಟೇಕು ಕೆಡಿಸಿದ್ದ: ವಿಮಾನದ ಸದ್ದಿಗೊಂದು, ಸೂರಿನ ಪಾರಿವಾಳಕ್ಕೊಂದು, ನಾಯಕನ ಕಟ್ಟಿಸಿದ ಹಲ್ಲಿನ ಟಕಟಕಕ್ಕೆ ಎರಡು. ನಿರ್ದೇಶಕ ಲೂಥರ್ ವೊಗೆಲ್ ಬೆಳಿಗ್ಗೆಯೇ ಎಲ್ಲರೆದುರು ಹೇಳಿಬಿಟ್ಟಿದ್ದ: "ಇನ್ನೊಂದ್ ಸಲ 'ಸದ್ದು ಸರಿಯಿಲ್ಲ' ಅಂದ್ಯೋ, ಹೆಡ್‌ಫೋನ್ ಬಿಚ್ಚಿಟ್ಟು ಮನೆಗ್ ನಡೀತಾ ಇರು. ನಿನ್ ಕಿವಿಗೆ ಸ್ವರ್ಗದಲ್ಲೂ ಗದ್ದಲ ಕೇಳುತ್ತೆ."

ಹನ್ನೊಂದು ಟೇಕು ಮುಗಿದರೂ ನಾಯಕಿ ಮೋನಾ ಡ್ರೇಪರ್ ಹೆಣದ ಮುಂದೆ ಬಸ್ಸಿಗೆ ಕಾದವಳಂತೆ ಕೂತಿದ್ದಳು. ಹನ್ನೆರಡನೆಯದರಲ್ಲಿ ಅವಳ ಮುಖದಲ್ಲಿ ಏನೋ ಆಯಿತು. ನಗು ಹುಟ್ಟುವ ಮೊದಲೇ ಮುರಿಯಿತು. ಕ್ಯಾಮೆರಾದವನು ಬಾಯಲ್ಲಿದ್ದ ಗಮ್ ಜಗಿಯುವುದನ್ನೇ ಮರೆತ. ಅದೇ ಹೊತ್ತಿಗೆ, ಹೆಣದ ತಲೆಯ ಮೇಲೆ ನೇತಾಡುತ್ತಿದ್ದ ಮೈಕಿನಿಂದ ಆರ್ವಿಲ್‌ನ ಕಿವಿಗೆ ಸಣ್ಣಗೆ, ಆದರೆ ಸ್ಪಷ್ಟವಾಗಿ, ಗೊರಕೆ ಬಂತು.

"ಕಟ್. ಕ್ಯಾಮೆರಾ?" ವೊಗೆಲ್ ಕೇಳಿದ.

"ಚೆನ್ನಾಗಿದೆ."

"ಸದ್ದು?"

"ಚೆನ್ನಾಗಿದೆ," ಎಂದ ಆರ್ವಿಲ್. ಹನ್ನೊಂದು ವರ್ಷದ ನೌಕರಿಯಲ್ಲಿ ಅವನ ಮೊದಲ ಸುಳ್ಳು.

ನಾಳೆ ಈ ಟೇಕನ್ನು ತೆರೆಗೆ ಹಾಕಿ ನೋಡಿದರೆ ಬಣ್ಣ ಬಯಲು. ಉಳಿದದ್ದು ಒಂದೇ ದಾರಿ. ಸೆಟ್ಟು ಕೀಳುವ ಮೊದಲು ಆ ಕೋಣೆಯ ಬರೀ ಮೌನವನ್ನು ಅರ್ಧ ನಿಮಿಷ ಹಿಡಿದಿಡುವುದು ಸದ್ದಿನವರ ಪದ್ಧತಿ. ಅದನ್ನು ಕತ್ತರಿಸಿ ಗೊರಕೆಯ ಜಾಗಕ್ಕೆ ತೇಪೆ ಹಾಕಬಹುದು. ಆದರೆ ಊಟದ ನಂತರ ಅಲ್ಲಿ ಇನ್ನೊಂದು ಚಿತ್ರಕ್ಕಾಗಿ ಕಡಲ್ಗಳ್ಳರ ಹಡಗಿನ ಸೆಟ್ಟು ಎದ್ದೇಳಬೇಕಿತ್ತು; ಬಡಗಿಗಳು ಸುತ್ತಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಬಾಸ್, ಅರ್ಧ ನಿಮಿಷ ಮೌನ ಬೇಕು."

"ಹಸಿವು ಕಣೋ. ಮೌನ ಬೇಕಿದ್ರೆ ನಮ್ಮನೆಗ್ ಬಾ, ಹೆಂಡ್ತಿ ನನ್ ಜೊತೆ ಮಾತಾಡಿ ಮೂರ್ ತಿಂಗಳಾಯ್ತು."

"ಎಲ್ರೂ ನಿಂತಲ್ಲೇ ನಿಲ್ಲಿ. ಜನ ಹೊರಗ್ ಹೋದ್ರೆ ಕೋಣೆ ಸದ್ದೇ ಬದಲಾಗುತ್ತೆ."

ಸದ್ದು ಮಾಡಬೇಡಿ ಎನ್ನುವ ಕೆಂಪು ದೀಪ ಹತ್ತಿತು. ಅರವತ್ತು ಜನ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಆರ್ವಿಲ್‌ಗೆ ಮನುಷ್ಯರು ಹಿಡಿಸುತ್ತಿದ್ದದ್ದು ಈ ಅರ್ಧ ನಿಮಿಷ ಮಾತ್ರ. ಯಾರದೋ ಹೊಟ್ಟೆ ಗುರುಗುಟ್ಟಿತು. ಆಮೇಲೆ, ಹಳೇ ಟ್ರಕ್ಕು ದಿಬ್ಬ ಹತ್ತಿದಂತೆ, ಹೆಣ ಗೊರಕೆ ಹೊಡೆಯಿತು. ಹೆಣದ ಪಾತ್ರಗಳಲ್ಲೇ ಪಳಗಿದ ಗಸ್ ಹ್ಯಾಮರ್‌ನನ್ನು ಎಬ್ಬಿಸಲು ಎಲ್ಲರೂ ಮರೆತಿದ್ದರು.

ಕೆಂಪು ದೀಪ ಉರಿಯುತ್ತಿದ್ದುದರಿಂದ ಯಾರೂ ನಗಲಿಲ್ಲ, ಭುಜಗಳಷ್ಟೇ ಕುಲುಕಿದವು. ದೀಪ ಆರಿದ ಮೇಲೆ ವೊಗೆಲ್ ಹತ್ತಿರ ಬಂದ.

"ಟೇಕ್‌ನಲ್ಲೂ ಹೊಡೆದ್ನಾ?"

ಆರ್ವಿಲ್ ಹೆಡ್‌ಫೋನ್ ಬಿಚ್ಚಿ ಮೇಜಿನ ಮೇಲಿಟ್ಟ. "ಹೊಡೆದ."

"ಮತ್ತೆ ಚೆನ್ನಾಗಿದೆ ಅಂದ್ಯಲ್ಲೋ."

"ಕೆಲಸ ಹೋಗುತ್ತೆ ಅಂತ. ಮೋನಾ ಮುಖಾನೂ ಚೆನ್ನಾಗಿತ್ತು."

ಮೋನಾ ಇನ್ನೂ ಹೆಣದ ಪಕ್ಕದಲ್ಲೇ ಕೂತಿದ್ದಳು. "ಅವನನ್ನ ಬಿಡಿ ಲೂಥರ್. ಹನ್ನೊಂದ್ ಸಲ ಕೂತೆ, ಏನೂ ಅನ್ನಿಸ್ಲಿಲ್ಲ. ಆಮೇಲೆ ಇವನು ಗೊರಕೆ ಶುರು ಮಾಡಿದ. ಥೇಟ್ ನನ್ ಗಂಡ ಹ್ಯಾರಿ. ಒಂಬತ್ ವರ್ಷ ಆ ಗೊರಕೆ ಕೇಳಿ, ದಿಂಬು ಒತ್ತಿ ಮುಗಿಸ್ಬಿಡೋಣ ಅಂದ್ಕೋತಿದ್ದೆ. ಅಷ್ಟ್ರಲ್ಲಿ ಯುದ್ಧದಲ್ಲಿ ಹೋದ. ಈಗ ನಂಗೆ ನಿದ್ದೆನೇ ಇಲ್ಲ."

ವೊಗೆಲ್ ಬೂಟಿನ ತುದಿಯಿಂದ ಗಸ್‌ನನ್ನು ತಿವಿದ.

"ಮತ್ತೆ ಸಾಯ್ಬೇಕಾ ಬಾಸ್?"

"ಸತ್ತಿದ್ ಸಾಕು. ಉಸಿರು ಬಿಗಿ ಹಿಡ್ಕೊಂಡ್ ಬಿದ್ದಿರು." ಆರ್ವಿಲ್ ಕಡೆ ತಿರುಗಿದ. "ಹಾಕ್ಕೊಳೋ ಹೆಡ್‌ಫೋನ್. ನಿನ್ ಮೌನ ತಗೊಂಡ್ ಸಾಯಿ."

ದೀಪ ಮತ್ತೆ ಹತ್ತಿತು. ಈ ಸಲ ಹೊಟ್ಟೆಗಳೂ ಸುಮ್ಮನಿದ್ದವು. ಇಪ್ಪತ್ತನೇ ಸೆಕೆಂಡಿನಲ್ಲಿ, ಮೈಕಿನ ತೀರ ಕೆಳಗೆ, ಮೋನಾಳ ಉಸಿರು ಒಮ್ಮೆ ತಡವರಿಸಿತು. ಪಾರಿವಾಳವನ್ನೂ ಕ್ಷಮಿಸದ ಆರ್ವಿಲ್ ಯಂತ್ರ ನಿಲ್ಲಿಸಲಿಲ್ಲ.

"ಸದ್ದು?" ವೊಗೆಲ್ ಕೇಳಿದ.

"ಚೆನ್ನಾಗಿದೆ."